ಚಾಮಯ್ಯ ಮೇಷ್ಟ್ರ ಮನಸ್ಸಿನಲ್ಲಿ ಇದ್ದುದೇನು?

ಹೊರನಾಡಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ ಹಳೆಯ ಚಿತ್ರಗಳ ಮಾತು ತೆಗೆದರೆ ‘ನಾಗರಹಾವು’ ಹೆಸರು ಬಾರದೆ ಹೋಗುವುದು ಅಪರೂಪ. 1972ರ ಕೊನೆಯಲ್ಲಿ ತೆರೆ ಕಂಡ ಈ ಚಿತ್ರವನ್ನು 2018ರಲ್ಲಿ ಹೊಸ ಹೊಳಪು ಕೊಟ್ಟು ಮತ್ತೆ ಚಿತ್ರಮಂದಿರಗಳಿಗೆ ತಂದಾಗ, ಮೊದಲ ಸಲ ನೋಡಿದ್ದವರ ಮೊಮ್ಮಕ್ಕಳೂ ಸಾಲಿನಲ್ಲಿ ನಿಂತಿದ್ದರು. ರಾಮಾಚಾರಿಯ ಸಿಟ್ಟು, ಅಲಮೇಲುವಿನ ಕಣ್ಣೀರು, ಜಲೀಲನ ಠೀವಿ, ಚಿತ್ರದುರ್ಗದ ಬಂಡೆಗಳು ಇವುಗಳ ವಿಚಾರ ಬೇಕಾದಷ್ಟು ಬರೆದಾಗಿದೆ, ಮಾತಾಡಿಯೂ ಆಗಿದೆ. ನಾವು ಇಲ್ಲಿ ಎತ್ತಿಕೊಳ್ಳಬೇಕೆಂದಿರುವುದು ಆ ಚಿತ್ರದ ಒಂದು ಪೋಷಕ ಪಾತ್ರವನ್ನು. ಎಲ್ಲರೂ ಕೈಮುಗಿದು ಮುಂದೆ ಹೋಗುವ ಪಾತ್ರ ಅದು. ಚಾಮಯ್ಯ ಮೇಷ್ಟ್ರು.

ಅವರ ಮನಸ್ಸಿನಲ್ಲಿ ನಿಜವಾಗಿ ಇದ್ದುದೇನು? ಆಡಿದ ಮಾತಿನ ಹಿಂದೆ ಆಡದ ಉದ್ದೇಶವೊಂದು ಇತ್ತೇ? ಆ ಪಾತ್ರಕ್ಕೆ ಕೆ. ಎಸ್. ಅಶ್ವಥ್ ಅವರನ್ನೇ ಆರಿಸಿದ್ದರಿಂದ ನಮ್ಮ ತೀರ್ಪು ಮೊದಲೇ ಒಂದು ಕಡೆಗೆ ವಾಲಿಬಿಟ್ಟಿತೇ? ಸಿನಿಮಾದ ಮಾತಿಗೆ ಇಷ್ಟೊಂದು ಗಂಭೀರತೆ ಏಕೆ ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಈ ಪ್ರಶ್ನೆ ತೆರೆಯ ಮೇಲೆ ಹುಟ್ಟಿದರೂ ಮುಗಿಯುವುದು ನಮ್ಮ ನಿಮ್ಮ ಮನೆಗಳಲ್ಲಿ.

ಹೊರಗೆ ಹುಟ್ಟಿ ಬೆಳೆದ ಮಕ್ಕಳಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡೋಣ. ತ. ರಾ. ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಅವರು ಮಾಡಿದ ಚಿತ್ರ ಇದು. ರಾಮಾಚಾರಿ ಚಿತ್ರದುರ್ಗದ ಕಾಲೇಜು ಹುಡುಗ, ಮಹಾ ಕೋಪಿಷ್ಠ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು ಪ್ರಿನ್ಸಿಪಾಲರಿಂದ ಅವಮಾನವಾದಾಗ ಸೇಡು ತೀರಿಸಿಕೊಳ್ಳದೆ ಬಿಡುವವನಲ್ಲ. ಊರೆಲ್ಲ ಅವನನ್ನು ಪುಂಡನೆಂದು ದೂರವಿಟ್ಟರೆ, ಬಾಲ್ಯದಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟ್ರು ಮಾತ್ರ ಅವನನ್ನು ಮಗನಂತೆ ಕಾಣುತ್ತಾರೆ. ಅವರಿಗೂ ಹೆಂಡತಿ ತುಂಗಮ್ಮನಿಗೂ ಮಕ್ಕಳಿಲ್ಲ. ಯಾರ ಮಾತಿಗೂ ಬಗ್ಗದ ಹುಡುಗ ಮೇಷ್ಟ್ರ ಒಂದು ಮಾತಿಗೆ ತಲೆ ತಗ್ಗಿಸುತ್ತಾನೆ.

ಸ್ನೇಹಿತ ವರದ ತನ್ನ ತಂಗಿ ಅಲಮೇಲುವನ್ನು ಕಾಡುತ್ತಿದ್ದ ಜಲೀಲನಿಂದ ರಕ್ಷಿಸೆಂದು ರಾಮಾಚಾರಿಯ ಮೊರೆ ಹೋಗುತ್ತಾನೆ. ರಾಮಾಚಾರಿ ಮತ್ತು ಅಲಮೇಲು ಪರಸ್ಪರ ಪ್ರೀತಿಸುತ್ತಾರೆ. ಮುಂದೆ ನಿಲ್ಲುತ್ತೇನೆಂದು ಮಾತು ಕೊಟ್ಟ ವರದ, ಸಮಯ ಬಂದಾಗ ಹಿಂದೆ ಸರಿಯುತ್ತಾನೆ. ಹುಡುಗಿಯ ಮನೆಯವರು ಬೇರೆ ಕಡೆ ಮದುವೆ ನಿಶ್ಚಯಿಸುತ್ತಾರೆ. ಆಗ ಚಾಮಯ್ಯ ಮೇಷ್ಟ್ರು ನಡುವೆ ಬಂದು, ಸಂಪ್ರದಾಯ ಬೇರೆ, ಸಮಾಜ ಒಪ್ಪದು, ನೀನು ತ್ಯಾಗ ಮಾಡು ಎಂದು ಶಿಷ್ಯನನ್ನು ಒಪ್ಪಿಸುತ್ತಾರೆ. ಅವನು ಒಪ್ಪುತ್ತಾನೆ. ಅಲಮೇಲುವಿನ ಮದುವೆಯಾಗುತ್ತದೆ. ಕೆಲವು ಕಾಲದ ಮೇಲೆ ರಾಮಾಚಾರಿ ಆಕೆಯನ್ನು ಕಾಣುವುದು ಒಂದು ದೊಡ್ಡ ಹೋಟೆಲಿನಲ್ಲಿ. ಕೈಹಿಡಿದ ಗಂಡನೇ ಆಕೆಯನ್ನು ಮೈಮಾರುವ ದಂಧೆಗೆ ನೂಕಿರುತ್ತಾನೆ. ಅತ್ತ ರಾಮಾಚಾರಿಯ ಜೀವನದಲ್ಲಿ ಮಾರ್ಗರೆಟ್ ಎಂಬ ಕ್ರೈಸ್ತ ಹುಡುಗಿ ಬರುತ್ತಾಳೆ. ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಬೆಟ್ಟದ ಮೇಲೆ ಗುರುಶಿಷ್ಯರ ವಾದ ವಿಕೋಪಕ್ಕೆ ಹೋಗಿ, ಆ ಆವೇಶದಲ್ಲಿ ಮೇಷ್ಟ್ರು ಕೆಳಗೆ ಬಿದ್ದು ಸಾಯುತ್ತಾರೆ. ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಪ್ರಾಣ ಕಳೆದುಕೊಳ್ಳುತ್ತಾರೆ.

ಚಿತ್ರದಿಂದ ಹೊರಗೆ ಬಂದು ಸಮಾಧಾನವಾಗಿ ಲೆಕ್ಕ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಇಷ್ಟು ಜೀವಗಳು ಹಾಳಾದ ಕಥೆಯಲ್ಲಿ, ಎರಡು ತಿರುವುಗಳಲ್ಲೂ ನಿಂತು ದಾರಿ ತಪ್ಪಿಸಿದ ಕೈ ಒಂದೇ. ಅದು ಜಲೀಲನದಲ್ಲ, ಪ್ರಿನ್ಸಿಪಾಲರದೂ ಅಲ್ಲ. ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದ ಮೇಷ್ಟ್ರದು. ಹೀಗಿದ್ದೂ ಪ್ರೇಕ್ಷಕನ ಕೋಪ ಅವರ ಮೇಲೆ ತಿರುಗುವುದೇ ಇಲ್ಲ.

ಮೇಷ್ಟ್ರ ಒಳಉದ್ದೇಶವನ್ನು ಶಂಕಿಸುವವರು ಮೂರು ಬಗೆಯ ಊಹೆ ಮಾಡಬಹುದು. ಮೊದಲನೆಯದು: ಮಕ್ಕಳಿಲ್ಲದವರಿಗೆ ಸಿಕ್ಕ ಮಗ ರಾಮಾಚಾರಿ. ಅವನ ಮನಸ್ಸನ್ನು ಬೇರೊಬ್ಬಳು ಆಳುವುದನ್ನು ಅವರು ಸಹಿಸಲಾರದೆ ಹೋದರು. ಸಮಾಜದ ಹೆಸರು ಹೇಳಿ ತಮ್ಮ ಹಕ್ಕನ್ನು ಕಾಪಾಡಿಕೊಂಡರು. ಎರಡನೆಯದು: ಅವರು ಹಳೆಯ ಕಾಲದ ಮನುಷ್ಯರು. ಕುಲ, ಮತಗಳ ಗೋಡೆ ಬೀಳುವುದು ಅವರಿಗೇ ಬೇಡವಾಗಿತ್ತು. ಅದನ್ನು ಶಿಷ್ಯನ ಹಿತವೆಂಬ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮೂರನೆಯದು ಸ್ವಲ್ಪ ಸೂಕ್ಷ್ಮ: ಶಿಷ್ಯನ ಸಿಟ್ಟನ್ನು ಅವರಷ್ಟು ಬಲ್ಲವರು ಬೇರೆ ಇಲ್ಲ. ಈ ಹುಡುಗನ ಕೈಯಲ್ಲಿ ಒಂದು ಹೆಣ್ಣಿನ ಬಾಳು ಸುಖವಾಗಿರಲಾರದೆಂದು ಅವರಿಗೆ ಅನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಅವನು ಒಡೆದುಹೋಗುತ್ತಾನೆ. ಆದುದರಿಂದ ಸಮಾಜವನ್ನು ಮುಂದೆ ಮಾಡಿದರು.

ಮೂರಕ್ಕೂ ಚಿತ್ರದಲ್ಲಿ ಅಷ್ಟಿಷ್ಟು ಆಧಾರ ಹುಡುಕಬಹುದು. ಆದರೆ ಚಿತ್ರ ನೋಡುವಾಗ ಇವುಗಳಲ್ಲಿ ಒಂದೂ ನಮಗೆ ಹೊಳೆಯುವುದಿಲ್ಲ. ಏಕೆಂದರೆ ಅಲ್ಲಿ ಕಾಣುವುದು ಅಶ್ವಥ್ ಅವರ ಮುಖ.

ಪಾತ್ರಹಂಚಿಕೆಯೆಂಬುದು ಸಾಮಾನ್ಯ ಸಂಗತಿಯಲ್ಲ. 1955ರ ‘ಸ್ತ್ರೀರತ್ನ’ದಿಂದ ಮೊದಲ್ಗೊಂಡು ‘ನಾಗರಹಾವು’ ಬರುವ ಹೊತ್ತಿಗೆ ಅಶ್ವಥ್ ಅವರು ಕನ್ನಡಿಗರ ಪಾಲಿಗೆ ಮನೆಯ ಹಿರಿಯರಾಗಿಬಿಟ್ಟಿದ್ದರು. ಪೌರಾಣಿಕ ಚಿತ್ರಗಳಲ್ಲಿ ನಾರದ, ಸಾಮಾಜಿಕ ಚಿತ್ರಗಳಲ್ಲಿ ಮಕ್ಕಳಿಗಾಗಿ ಸವೆಯುವ ತಂದೆ. ಪಂಡರೀಬಾಯಿಯವರ ಜೊತೆ ನಿಂತರೆ ಆದರ್ಶ ದಂಪತಿಗಳ ಚಿತ್ರವೇ ಕಣ್ಣಿಗೆ ಕಟ್ಟುತ್ತಿತ್ತು. ಅದೇ ಚಿತ್ರದಲ್ಲಿ ನಾಯಕನಾಗಿ ಬಂದ ವಿಷ್ಣುವರ್ಧನ್ ಹೊಸಬರು. ಸಂಪತ್ ಕುಮಾರ್ ಎಂಬ ಹೆಸರಿಗೆ ಬದಲಾಗಿ ಹೊಸ ಹೆಸರು ಇಟ್ಟವರು ಪುಟ್ಟಣ್ಣನವರೇ. ಜಲೀಲನಾಗಿ ಬಂದ ಅಂಬರೀಷ್ ಅವರಿಗೂ ಅದು ಮೊದಲ ಚಿತ್ರ. ಹೊಸ ಮುಖಗಳ ಮೇಲೆ ಪ್ರೇಕ್ಷಕನಿಗೆ ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲ. ನಂಬಿಕೆಯ ಖಾತೆಯಲ್ಲಿ ಹದಿನೇಳು ವರ್ಷದ ಠೇವಣಿ ಇದ್ದುದು ಅಶ್ವಥ್ ಅವರೊಬ್ಬರಿಗೆ. ಗುರುಶಿಷ್ಯರ ನಡುವೆ ವಾದ ಬಂದಾಗ ತಕ್ಕಡಿ ಯಾವ ಕಡೆ ವಾಲೀತೆಂದು ಬೇರೆ ಹೇಳಬೇಕಾಗಿಲ್ಲ. ಹಾಗೆಯೇ ವರದನ ಪಾತ್ರಕ್ಕೆ ಶಿವರಾಂ. ನಗಿಸುವುದರಲ್ಲಿ ಗಟ್ಟಿಗರಾದ ಅವರ ಮುಖದಲ್ಲಿ ಹೇಡಿತನ ಕಂಡರೂ ನಮಗೆ ಕೋಪಕ್ಕಿಂತ ಕನಿಕರವೇ ಬರುತ್ತದೆ. ಕೊಟ್ಟ ಮಾತಿಗೆ ತಪ್ಪಿದ ಅಣ್ಣ ಹೀಗೆ ಪಾರಾದ. ಮೇಷ್ಟ್ರಿಗಂತೂ ಆರೋಪಪಟ್ಟಿಯೇ ತಯಾರಾಗಲಿಲ್ಲ. ಆ ಪಾತ್ರಕ್ಕೆ ಅಶ್ವಥ್ ಅವರಿಗೆ ರಾಜ್ಯ ಸರ್ಕಾರದ ಪೋಷಕ ನಟ ಪ್ರಶಸ್ತಿ ಬಂತು. ಚಾಮಯ್ಯ ಮೇಷ್ಟ್ರು ಎಂಬುದು ಅವರಿಗೆ ಎರಡನೆಯ ಹೆಸರಾಯಿತು. 2009ರ ಡಿಸೆಂಬರ್ ಕೊನೆಯಲ್ಲಿ ವಿಷ್ಣುವರ್ಧನ್ ತೀರಿಕೊಂಡು, ಮೂರು ವಾರ ತುಂಬುವ ಮೊದಲೇ, 2010ರ ಜನವರಿಯಲ್ಲಿ ಅಶ್ವಥ್ ಅವರೂ ಹೋದಾಗ ಗುರುಶಿಷ್ಯರು ಒಟ್ಟಿಗೆ ಹೋದರೆಂದು ಜನ ಕಣ್ಣೀರಿಟ್ಟರು. ನಟನ ಸಜ್ಜನಿಕೆಯೂ ಪಾತ್ರದ ಸಜ್ಜನಿಕೆಯೂ ಅಷ್ಟರಮಟ್ಟಿಗೆ ಒಂದಾಗಿ ಹೋಗಿದ್ದವು.

ವಿಜ್ಞಾನ ಓದಿದವರಿಗೆ ಪ್ರಯೋಗದ ಒಂದು ನಿಯಮ ಗೊತ್ತು. ಒಂದು ಅಂಶದ ಪ್ರಭಾವ ತಿಳಿಯಬೇಕಾದರೆ ಮಿಕ್ಕಿದ್ದನ್ನೆಲ್ಲ ಹಾಗೆಯೇ ಇಟ್ಟು ಅದೊಂದನ್ನೇ ಬದಲಾಯಿಸಿ ನೋಡಬೇಕು. ಕಲೆಯಲ್ಲಿ ಇಂಥ ಅನುಕೂಲ ಸಿಗುವುದು ಕಡಿಮೆ. ಆದರೆ ಚಾಮಯ್ಯ ಮೇಷ್ಟ್ರ ವಿಷಯದಲ್ಲಿ ಅದು ಸುಮಾರಾಗಿ ದೊರಕಿದೆ. 1974ರಲ್ಲಿ ಪುಟ್ಟಣ್ಣನವರೇ ಇದೇ ಕಥೆಯನ್ನು ‘ಜಹರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ ಹಿಂದಿಗೆ ತಂದರು. ನಾಯಕ ರಿಷಿ ಕಪೂರ್, ಮಾಸ್ಟರ್‌ಜಿಯಾಗಿ ಪ್ರಾಣ್. ಅದೇ ವರ್ಷ ತೆಲುಗಿನಲ್ಲಿ ‘ಕೋಡೆನಾಗು’ ಬಂತು. ಶೋಭನ್ ಬಾಬು ನಾಯಕ; ಮೇಷ್ಟ್ರ ಪಾತ್ರದಲ್ಲಿ ಆಚಾರ್ಯ ಆತ್ರೇಯ. ತೆಲುಗು ಜನಕ್ಕೆ ಆತ್ರೇಯರ ಹೆಸರು ಗೊತ್ತಿದ್ದುದು ಹಾಡು ಬರೆಯುವ ಕವಿಯಾಗಿ. ತೆರೆಯ ಮೇಲಿನ ಮುಖವಾಗಿ ಅಲ್ಲ.

ಒಂದೇ ಪಾತ್ರ, ಮೂರು ಮುಖ. ಅಶ್ವಥ್ ಅವರದು ಜನ ನಂಬಿದ ಮುಖ. ಆತ್ರೇಯರದು ಹೆಚ್ಚು ಪರಿಚಯವಿಲ್ಲದ ಮುಖ. ಪ್ರಾಣ್ ಅವರದು ಎರಡು ದಶಕಕ್ಕೂ ಮೇಲ್ಪಟ್ಟು ಖಳನಾಗಿ ನಿಂತ ಮುಖ. 1967ರ ‘ಉಪಕಾರ್’ ಚಿತ್ರದ ಮಲಂಗ್ ಚಾಚಾ ಪಾತ್ರದಿಂದ ಪ್ರಾಣ್ ಅವರು ಒಳ್ಳೆಯ ಪಾತ್ರಗಳತ್ತ ಹೊರಳಿದರೆಂಬುದು ನಿಜ. ಆದರೂ ಅದೇ ವರ್ಷದ ‘ರಾಮ್ ಔರ್ ಶ್ಯಾಮ್’ ಚಿತ್ರದಲ್ಲಿ ಚಾಟಿ ಬೀಸಿದ ಕೈಯನ್ನು ಜನ ಅಷ್ಟು ಬೇಗ ಮರೆಯುವುದುಂಟೇ? ಪ್ರಾಣ್ ಅವರ ಬಾಯಿಂದ ‘ಆ ಹುಡುಗಿಯನ್ನು ಮರೆತುಬಿಡು’ ಎಂಬ ಅರ್ಥದ ಮಾತು ಬಂದಾಗ, ಇದರ ಹಿಂದೆ ಏನೋ ಇದೆಯೆಂದು ಒಂದು ಗಳಿಗೆಯಾದರೂ ಅನಿಸದೆ ಇರದು. ದೆಹಲಿ, ಮುಂಬೈಗಳಲ್ಲಿ ಎರಡು ಭಾಷೆಯ ಚಿತ್ರಗಳನ್ನೂ ನೋಡುವ ಅವಕಾಶವಿರುವ ನಮ್ಮಂಥವರು ಇದನ್ನು ಸ್ವತಃ ಪರೀಕ್ಷಿಸಿ ನೋಡಬಹುದು.

ಈಗ ಮುಖ್ಯ ಮಾತಿಗೆ ಬರೋಣ. ಮುಖ ಬದಲಾದರೆ ಅನುಮಾನ ಬದಲಾಗುತ್ತದೆ. ಆದರೆ ಹುಡುಗಿಯ ಗತಿ ಬದಲಾಗುತ್ತದೆಯೇ? ಇಲ್ಲ. ಸಲಹೆ ಕೊಟ್ಟವರು ಅಶ್ವಥ್ ಆಗಲಿ ಪ್ರಾಣ್ ಆಗಲಿ, ಕಥೆ ಆಕೆಯನ್ನು ಕೊಂಡೊಯ್ಯುವುದು ಅದೇ ಹೋಟೆಲಿನ ಕೋಣೆಗೆ. ಸಲಹೆಯ ಹಿಂದೆ ಮತ್ಸರವಿತ್ತೋ, ಮಮತೆಯಿತ್ತೋ ಎಂಬ ವ್ಯತ್ಯಾಸ ಆ ಕೋಣೆಯ ಬಾಗಿಲನ್ನು ದಾಟಿ ಒಳಗೆ ಬರುವುದಿಲ್ಲ.

ಹಾಗಾದರೆ ಉದ್ದೇಶಕ್ಕೆ ಬೆಲೆಯೇ ಇಲ್ಲವೇ? ಇದೆ. ಉದ್ದೇಶವನ್ನು ಕಡೆಗಣಿಸಿ ಕೇವಲ ಫಲ ನೋಡಿ ಮನುಷ್ಯನನ್ನು ತೂಗುವುದು ಅನ್ಯಾಯ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿ ಸತ್ತರೆ ವೈದ್ಯನನ್ನು ಕೊಲೆಗಾರನೆನ್ನುವುದಿಲ್ಲ. ಬೌದ್ಧರಂತೂ ಚೇತನವೇ, ಅಂದರೆ ಮಾಡುವವನ ಸಂಕಲ್ಪವೇ ಕರ್ಮವೆಂದರು. ಮಹಾಭಾರತದಲ್ಲಿ ದ್ರೋಣಾಚಾರ್ಯರು ಏಕಲವ್ಯನ ಹೆಬ್ಬೆರಳು ಕೇಳಿದುದನ್ನು ನಾವು ಕ್ಷಮಿಸದೆ ಇರುವುದು, ಅವರ ಉದ್ದೇಶ ನಮಗೆ ಗೊತ್ತಿರುವುದರಿಂದ. ಅರ್ಜುನನಿಗೆ ಸಮನಾದ ಬಿಲ್ಲುಗಾರ ಇನ್ನೊಬ್ಬನಿರಬಾರದೆಂಬ ಮಾತನ್ನು ಉಳಿಸಿಕೊಳ್ಳಲು ಅವರು ಗುರುಭಕ್ತಿಯನ್ನು ಬಳಸಿಕೊಂಡರು. ಚಾಮಯ್ಯ ಮೇಷ್ಟ್ರು ದ್ರೋಣರಲ್ಲ. ಅವರಿಗೆ ಕಾಪಾಡಬೇಕಾದ ಅರ್ಜುನ ಯಾರೂ ಇರಲಿಲ್ಲ. ಇದ್ದ ಒಬ್ಬನೇ ಶಿಷ್ಯನಿಗೆ ಅವರು ಒಳ್ಳೆಯದನ್ನೇ ಬಯಸಿದರು. ನಮ್ಮ ಓದಿನ ಮಟ್ಟಿಗೆ, ಮೇಲೆ ಹೇಳಿದ ಮೂರು ಗುಪ್ತ ಉದ್ದೇಶಗಳಲ್ಲಿ ಯಾವುದೂ ಅವರ ಮನಸ್ಸಿನಲ್ಲಿ ಎಚ್ಚರವಾಗಿ ಕುಳಿತಿರಲಿಲ್ಲ. ಆಡಿದ ಮಾತನ್ನು ಅವರು ನಂಬಿದ್ದರು.

ನಮ್ಮನ್ನು ಹೆದರಿಸಬೇಕಾದ ಸಂಗತಿ ಅದೇ.

ಗುಪ್ತ ಉದ್ದೇಶವನ್ನು ಹುಡುಕುವುದರಲ್ಲಿ ನಮಗೊಂದು ಗುಪ್ತ ಸಮಾಧಾನವಿದೆ. ಮೇಷ್ಟ್ರ ಒಳಗೆ ಮತ್ಸರವಿತ್ತೆಂದು ಸಾಬೀತಾದರೆ ಕಥೆ ಸುಲಭವಾಗುತ್ತದೆ. ಕೆಟ್ಟ ಮನಸ್ಸಿನಿಂದ ಕೆಟ್ಟ ಫಲ ಬಂತು; ನಮಗೆ ಕೆಟ್ಟ ಮನಸ್ಸಿಲ್ಲ, ಆದುದರಿಂದ ನಮ್ಮಿಂದ ಅಂಥದು ಆಗುವುದಿಲ್ಲ ಎಂದು ಎದ್ದು ಹೋಗಬಹುದು. ಒಳ್ಳೆಯ ಮನಸ್ಸಿನಿಂದಲೂ ಅದೇ ಫಲ ಬರುವುದಾದರೆ ಹಾಗೆ ಎದ್ದು ಹೋಗಲು ಬರುವುದಿಲ್ಲ.

ಸರ್ಕಾರಿ ಕಡತಗಳ ನಡುವೆ ಬಾಳುವವರಿಗೆ ‘ಸದ್ಭಾವನೆ’ ಎಂಬ ಶಬ್ದದ ಪರಿಚಯ ಚೆನ್ನಾಗಿದೆ. ಎಷ್ಟೋ ಕಾಯಿದೆಗಳ ಕೊನೆಯಲ್ಲಿ ಸದ್ಭಾವನೆಯಿಂದ ಮಾಡಿದ ಕೆಲಸಕ್ಕಾಗಿ ಅಧಿಕಾರಿಯ ಮೇಲೆ ದಾವೆ ಹೂಡಲಾಗದೆಂಬ ರಕ್ಷಣೆ ಇರುತ್ತದೆ. ಆದರೆ ಸದ್ಭಾವನೆಯೆಂದರೇನು? ವಿಶೇಷವೆಂದರೆ ನಮ್ಮ ದೇಶದ ಶಾಸನಗಳಲ್ಲಿಯೇ ಇದಕ್ಕೆ ಎರಡು ಅರ್ಥಗಳಿವೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ, ಪ್ರಾಮಾಣಿಕವಾಗಿ ಮಾಡಿದರೆ ಸಾಕು. ಅಲಕ್ಷ್ಯದಿಂದ ಮಾಡಿದ್ದರೂ ಅದು ಸದ್ಭಾವನೆಯೇ. 1860ರ ಭಾರತೀಯ ದಂಡ ಸಂಹಿತೆಯ 52ನೆಯ ಕಲಮು ಇಷ್ಟು ಉದಾರವಲ್ಲ. ತಕ್ಕ ಎಚ್ಚರ, ಗಮನಗಳಿಲ್ಲದೆ ಮಾಡಿದ್ದನ್ನು ಅಥವಾ ನಂಬಿದ್ದನ್ನು ಸದ್ಭಾವನೆಯೆನ್ನಲಾಗದೆಂದು ಅದು ಹೇಳಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ಅರ್ಥವನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಮೊದಲನೆಯ ಶಾಸನ ಕೇಳುವುದು ಒಂದೇ ಪ್ರಶ್ನೆ: ನಿನ್ನ ಮನಸ್ಸು ಶುದ್ಧವಾಗಿತ್ತೇ? ಎರಡನೆಯದು ಇನ್ನೊಂದನ್ನು ಸೇರಿಸುತ್ತದೆ: ನೀನು ಸರಿಯಾಗಿ ವಿಚಾರಿಸಿದೆಯಾ? ಚಾಮಯ್ಯ ಮೇಷ್ಟ್ರು ಮೊದಲನೆಯ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುತ್ತಾರೆ. ಎರಡನೆಯದರಲ್ಲಿ ನಪಾಸಾಗುತ್ತಾರೆ.

ಏಕೆಂದು ನೋಡೋಣ. ಅಲಮೇಲುವಿನ ಬಾಳಿನ ತೀರ್ಮಾನ ನಡೆದುದು ಇಬ್ಬರು ಗಂಡಸರ ನಡುವೆ. ತ್ಯಾಗ ಮಾಡೆಂದು ಗುರು ಹೇಳಿದರು, ಮಾಡುತ್ತೇನೆಂದು ಶಿಷ್ಯ ಒಪ್ಪಿದ. ತ್ಯಾಗವೆಂಬ ದೊಡ್ಡ ಮಾತಿನ ಅಡಿಯಲ್ಲಿ ಒಂದು ಚಿಕ್ಕ ಸಂಗತಿ ಮುಚ್ಚಿಹೋಯಿತು. ತ್ಯಾಗ ಮಾಡುವವನು ತನ್ನ ವಸ್ತುವನ್ನು ಬಿಟ್ಟುಕೊಡುತ್ತಾನೆ; ಆಕೆ ವಸ್ತುವೇ? ಶಿಷ್ಯನ ನೋವನ್ನು ಮೇಷ್ಟ್ರು ಬಲ್ಲರು, ಅದಕ್ಕಾಗಿ ಮರುಗಿದರು. ಆದರೆ ಆ ಸಲಹೆಯ ಪೂರ್ತಿ ಬೆಲೆ ತೆರಬೇಕಾದವಳು ಆ ಮಾತುಕತೆಯಲ್ಲಿ ಪಾಲುದಾರಳೇ ಅಲ್ಲ. ಆಕೆಯನ್ನು ಯಾರ ಕೈಗೆ ಕೊಡುತ್ತಿದ್ದಾರೆ, ಅವನು ಎಂಥವನು ಎಂಬ ವಿಚಾರಣೆಯೂ ಆ ವಾದದ ಒಳಗೆ ಬರುವುದಿಲ್ಲ. ಸಮಾಜ ಒಪ್ಪುತ್ತದೆಯೆ ಎಂದು ಕೇಳಿದವರು, ಸಮಾಜ ಒಪ್ಪಿದ ಗಂಡಿನ ಗುಣವೇನೆಂದು ಕೇಳಲಿಲ್ಲ.

ಇದಕ್ಕೆ ಬರುವ ಆಕ್ಷೇಪವನ್ನು ಮರೆಮಾಚಬಾರದು. ಹೆಂಡತಿಯನ್ನು ಮಾರುವ ಗಂಡನ ಪಾಪಕ್ಕೆ ಮೇಷ್ಟ್ರು ಹೊಣೆಯೇ? ಮದುವೆ ಮಾಡಿದವರು ತಂದೆತಾಯಿ. ಮಾತು ತಪ್ಪಿದವನು ಅಣ್ಣ. ದ್ರೋಹ ಬಗೆದವನು ಗಂಡ. ಮೇಷ್ಟ್ರಿಗೆ ಭವಿಷ್ಯ ಕಾಣುವ ಕಣ್ಣಿರಲಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ದೊಡ್ಡ ಪಾಲಿನ ಹೊಣೆ ಆ ಮೂವರದೇ. ಆದರೂ ಆಕೆಯ ಪರವಾಗಿ ಊರನ್ನು ಎದುರಿಸಿ ನಿಲ್ಲಬಲ್ಲವನು ಒಬ್ಬನೇ ಇದ್ದ. ಆ ಒಬ್ಬನನ್ನು ಪಕ್ಕಕ್ಕೆ ಸರಿಸುವ ಶಕ್ತಿ ಇದ್ದವರೂ ಒಬ್ಬರೇ. ಜಲೀಲನಿಂದ ಆಗದ ಕೆಲಸ, ಪ್ರಿನ್ಸಿಪಾಲರಿಂದ ಆಗದ ಕೆಲಸ, ಮೇಷ್ಟ್ರ ಪ್ರೀತಿಯಿಂದ ಆಯಿತು. ಪ್ರೀತಿಯೆಂಬುದೂ ಒಂದು ಅಧಿಕಾರ. ಅದನ್ನು ಚಲಾಯಿಸುವವನಿಗೆ ಬೇರೆ ಅಧಿಕಾರಿಗಳಿಗಿಂತ ಹೆಚ್ಚು ಎಚ್ಚರ ಬೇಕು; ಏಕೆಂದರೆ ಅದರ ಮೇಲೆ ಮೇಲ್ಮನವಿ ಸಲ್ಲಿಸುವ ಕಚೇರಿ ಎಲ್ಲಿಯೂ ಇಲ್ಲ.

ಮೊದಲನೆಯ ಸಲವನ್ನು ಹೇಗೋ ಕ್ಷಮಿಸಬಹುದು. ಅಂದಿನ ಕಾಲ, ಅಂದಿನ ಊರು, ತಿಳಿಯದ ಫಲ. ಮೇಷ್ಟ್ರ ನಿಜವಾದ ಪರೀಕ್ಷೆ ಇರುವುದು ಎರಡನೆಯ ಸಲದಲ್ಲಿ. ಆ ಹೊತ್ತಿಗೆ ಅಲಮೇಲುವಿನ ಗತಿ ಏನಾಯಿತೆಂಬುದು ಅವರ ಕಿವಿಗೆ ಬಿದ್ದಿದೆ. ಶಿಷ್ಯನೇ ಬಾಯಿಬಿಟ್ಟು ಹೇಳಿದ್ದಾನೆ. ಅವರು ತತ್ತರಿಸಿ ಹೋಗುತ್ತಾರೆ. ಅಷ್ಟಾದರೂ ಮಾರ್ಗರೆಟ್‌ಳ ಮಾತು ಬಂದಾಗ ಅವರ ಬಾಯಿಂದ ಬರುವುದು ಹಿಂದಿನ ಉಪದೇಶವೇ. ಪ್ರಯೋಗಶಾಲೆಯಲ್ಲಿ ಒಂದು ಸಿದ್ಧಾಂತಕ್ಕೆ ವಿರುದ್ಧವಾದ ಫಲ ಬಂದರೆ ಸಿದ್ಧಾಂತವನ್ನು ಪುನಃ ಪರಿಶೀಲಿಸಬೇಕೆಂದು ಚಿಕ್ಕ ತರಗತಿಯ ಮಕ್ಕಳಿಗೆ ಕಲಿಸುತ್ತಾರೆ. ಮೇಷ್ಟ್ರು ಫಲವನ್ನು ನೋಡಿ ಅತ್ತರು, ಸಿದ್ಧಾಂತವನ್ನು ಮುಟ್ಟಲಿಲ್ಲ. ಅವರಲ್ಲಿ ಒಂದು ದೋಷ ಹುಡುಕಲೇಬೇಕಾದರೆ ಅದು ಗುಪ್ತ ಉದ್ದೇಶವಲ್ಲ. ಬಹಿರಂಗವಾಗಿ ಕಾಣುವ ಈ ಹಟ. ಇದಕ್ಕೆ ಮನಸ್ಸಿನ ಆಳಕ್ಕೆ ಇಳಿದು ನೋಡಬೇಕಾಗಿಲ್ಲ. ಅದು ಬೆಟ್ಟದ ಮೇಲೆ ಹಗಲು ಬೆಳಕಿನಲ್ಲಿ ನಡೆದಿದೆ.

ಆದರೆ ಚಿತ್ರ ಅದನ್ನು ನಮಗೆ ತೋರಿಸುವ ರೀತಿ ಬೇರೆ. ಮೇಷ್ಟ್ರು ಬೀಳುತ್ತಾರೆ. ಅವರ ಸಾವಿನೊಂದಿಗೆ ಪ್ರಶ್ನೆಯೂ ಬಿದ್ದುಹೋಗುತ್ತದೆ. ಸತ್ತವರನ್ನು, ಅದರಲ್ಲೂ ಅಶ್ವಥ್ ಅವರ ಮುಖ ಹೊತ್ತು ಸತ್ತವರನ್ನು, ಯಾರು ಪ್ರಶ್ನಿಸುತ್ತಾರೆ? ಉಳಿಯುವುದು ಗುರುವಿನ ಪ್ರಾಣ ತೆಗೆದ ಶಿಷ್ಯನ ಪಶ್ಚಾತ್ತಾಪ ಮಾತ್ರ. ತ. ರಾ. ಸು. ಅವರಿಗೆ ಚಿತ್ರ ಹಿಡಿಸಲಿಲ್ಲವೆಂಬುದೂ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಬೇಸರಪಟ್ಟರೆಂಬುದೂ ಪ್ರಸಿದ್ಧವಾದ ಮಾತು. ಹಾವಿನ ವಿಷಯ ಹೇಗಾದರೂ ಇರಲಿ. ಹಾವಾಡಿಗನ ಕೈಯಲ್ಲಿದ್ದ ಪುಂಗಿಯ ಕಡೆಗೆ ನಾವ್ಯಾರೂ ನೋಡಲಿಲ್ಲವೆಂಬುದು ನಮ್ಮ ಮಾತು. ಇದರಲ್ಲಿ ಅಶ್ವಥ್ ಅವರ ದೋಷ ಎಳ್ಳಷ್ಟೂ ಇಲ್ಲ. ಪಾತ್ರ ಕೇಳಿದ್ದನ್ನು ಅವರು ತುಂಬಿ ಕೊಟ್ಟರು. ಪುಟ್ಟಣ್ಣನವರ ಆಯ್ಕೆಯೂ ತಪ್ಪೆನ್ನಲಾರೆವು. ಪ್ರಾಣ್ ಅವರಂಥ ಮುಖವಿದ್ದರೆ ನಾವು ಮೇಷ್ಟ್ರನ್ನು ಶಂಕಿಸಿ ದೂರ ನಿಲ್ಲುತ್ತಿದ್ದೆವು. ಅಶ್ವಥ್ ಇದ್ದುದರಿಂದ ಮೇಷ್ಟ್ರ ಜೊತೆಗೇ ನಡೆದು, ಅವರ ಮಾತಿಗೆ ತಲೆದೂಗಿ, ಕೊನೆಗೆ ಅಲಮೇಲುವಿನ ಕೋಣೆಯ ಮುಂದೆ ಬಂದು ನಿಂತೆವು. ಒಳ್ಳೆಯವರ ಮಾತು ಎಲ್ಲಿಗೆ ಕೊಂಡೊಯ್ಯಬಹುದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ಬೇರೆ ಇಲ್ಲ. ನೋಡುವ ಧೈರ್ಯ ಮಾತ್ರ ನಮಗಿರಬೇಕು.

ಇನ್ನು ನಮ್ಮ ಮನೆಗಳ ಮಾತು. ಊರು ಬಿಟ್ಟು ಬಂದವರ ಬದುಕಿನಲ್ಲಿ ಒಂದು ವಿಶೇಷವಿದೆ. ಇಲ್ಲಿ ನಮ್ಮ ಮಕ್ಕಳಿಗೆ ದೊಡ್ಡಪ್ಪ, ಸೋದರಮಾವ, ಅಜ್ಜ ಹತ್ತಿರವಿರುವುದಿಲ್ಲ. ಆ ಜಾಗಗಳನ್ನು ತುಂಬುವವರು ಪಕ್ಕದ ಬ್ಲಾಕಿನ ಕನ್ನಡದ ಮನೆಯವರು, ಸಂಘದಲ್ಲಿ ಪರಿಚಯವಾದ ಹಿರಿಯರು, ಮಕ್ಕಳಿಗೆ ಅಕ್ಷರ ತಿದ್ದಿಸಿದ ಅಂಕಲ್, ಹಬ್ಬಕ್ಕೆ ಹೋಳಿಗೆ ಕಳಿಸುವ ಆಂಟಿ. ಒಂದು ಮನೆಯೆಂದು ಇಟ್ಟುಕೊಳ್ಳಿ. ಮಗಳು ಜೊತೆಯಲ್ಲಿ ಕೆಲಸ ಮಾಡುವ ಗಢವಾಲಿ ಹುಡುಗನನ್ನು ಮೆಚ್ಚಿದ್ದಾಳೆ. ತಂದೆತಾಯಿಗೆ ದಿಕ್ಕು ತೋಚುವುದಿಲ್ಲ. ಊರಿಗೆ ಹೇಳಲು ಹೆದರಿಕೆ. ಆಗ ಫೋನು ಬರುವುದು ಇಂಥ ಹಿರಿಯರಿಗೆ: ‘ನಿಮ್ಮ ಮಾತು ಕೇಳುತ್ತಾಳೆ, ಒಂದು ಸಲ ಬಂದು ಬುದ್ಧಿ ಹೇಳಿ.’

ಆ ಕ್ಷಣದಲ್ಲಿ ನಾವು ಚಾಮಯ್ಯ ಮೇಷ್ಟ್ರಾಗುತ್ತೇವೆ. ನಮ್ಮ ಬದುಕಿನಲ್ಲಿ ನಾವೇ ನಾಯಕರೆಂದು ತಿಳಿದಿರುವವರು, ಇನ್ನೊಬ್ಬರ ಬದುಕಿನಲ್ಲಿ ಪೋಷಕ ಪಾತ್ರಗಳು. ಒಂದೆರಡು ದೃಶ್ಯಗಳಲ್ಲಿ ಬಂದು ಹೋಗುವವರು. ಆದರೆ ಆ ಒಂದೆರಡು ದೃಶ್ಯಗಳಲ್ಲೇ ಕಥೆ ತಿರುಗಿಬಿಡಬಹುದು. ನಮ್ಮ ಮನಸ್ಸಿನಲ್ಲಿ ಕಲ್ಮಷವಿಲ್ಲ. ಆ ಮಗುವನ್ನು ಎತ್ತಿ ಆಡಿಸಿದವರು ನಾವು. ನಮ್ಮ ಮುಖ ನೋಡಿದರೆ ಯಾರಿಗೂ ಶಂಕೆ ಬರುವುದಿಲ್ಲ. ಇಷ್ಟು ವರ್ಷದ ಒಡನಾಟ ನಮಗೊಂದು ಅಶ್ವಥ್ ಮುಖವನ್ನು ಸಂಪಾದಿಸಿ ಕೊಟ್ಟಿದೆ.

ಹಾಗೆಂದು ಯಾರಿಗೂ ಬುದ್ಧಿ ಹೇಳಲೇಬಾರದೆ? ಹುಡುಗರು ಮೆಚ್ಚಿದ್ದೆಲ್ಲ ಸರಿಯೇ? ಅದೂ ನಮ್ಮ ವಾದವಲ್ಲ. ಮೆಚ್ಚಿ ಮಾಡಿಕೊಂಡ ಮದುವೆಗಳು ಮುರಿದುದನ್ನೂ ಕಂಡಿದ್ದೇವೆ. ಹಿರಿಯರು ನೋಡಿ ಮಾಡಿದ ಮದುವೆಗಳು ಹೂವಿನಂತೆ ಇರುವುದನ್ನೂ ಕಂಡಿದ್ದೇವೆ. ಕೆಲವು ಸಲ ‘ಬೇಡ’ ಎನ್ನುವುದೇ ಸರಿಯಾದ ಮಾತು. ಆದರೆ ಹಾಗೆನ್ನುವ ಮೊದಲು ಹುಡುಗಿಯೊಡನೆ ಕುಳಿತು ಅವಳ ಮಾತನ್ನು ಕೊನೆಯವರೆಗೆ ಕೇಳಿರಬೇಕು. ಬೇಡವೆಂದ ಹುಡುಗನನ್ನು ಒಮ್ಮೆಯಾದರೂ ಕಂಡಿರಬೇಕು. ಬೇಕೆಂದ ಹುಡುಗನನ್ನು ಅಷ್ಟೇ ಅನುಮಾನದಿಂದ ವಿಚಾರಿಸಿರಬೇಕು. ಜಾತಕ ಕೂಡಿದ್ದೇ ಗುಣದ ಪ್ರಮಾಣಪತ್ರವಲ್ಲ. ‘ಸಮಾಜ ಏನನ್ನುತ್ತದೆ’ ಎನ್ನುವಾಗ ಆ ಸಮಾಜವೆಂದರೆ ನಿಜವಾಗಿ ಯಾರು ಯಾರು, ಎಷ್ಟು ಜನ ಎಂದು ಎಣಿಸಿ ನೋಡಿರಬೇಕು. ಕೆಲವೊಮ್ಮೆ ಎಣಿಕೆ ಮುಗಿದಾಗ ಸಮಾಜವೆಂಬುದು ನಾವೊಬ್ಬರೇ ಆಗಿರುತ್ತೇವೆ.

ಇವೆಲ್ಲಕ್ಕಿಂತ ಕಷ್ಟದ ಕೆಲಸ ಸಲಹೆ ಕೊಟ್ಟ ಮೇಲೆ ಇರುತ್ತದೆ. ನಮ್ಮ ಮಾತು ಕೇಳಿ ದಾರಿ ಬದಲಾಯಿಸಿದ ಮಗು ಮೂರು ವರ್ಷದ ಮೇಲೆ ಹೇಗಿದೆಯೆಂದು ಹೋಗಿ ನೋಡುವವರು ಎಷ್ಟು ಜನ? ಮದುವೆಯ ಊಟ ಉಂಡು, ತಾಂಬೂಲ ಪಡೆದು, ಒಂದು ಸಂಸಾರ ನೇರವಾಯಿತೆಂದು ಬಸ್ಸು ಹತ್ತುತ್ತೇವೆ. ಕಚೇರಿಯಲ್ಲಿ ಒಂದು ಆದೇಶ ಹೊರಟರೆ ಅದರ ಪಾಲನೆಯ ವರದಿ ಬರುವವರೆಗೆ ಕಡತ ಮುಚ್ಚುವಂತಿಲ್ಲ. ಬದುಕಿನ ಕಡತಗಳನ್ನು ಮಾತ್ರ ನಾವು ಸಹಿ ಮಾಡಿದ ದಿನವೇ ಮುಚ್ಚಿಬಿಡುತ್ತೇವೆ. ವರದಿ ಬಂದು, ಅದು ನಮಗೆ ವಿರುದ್ಧವಾಗಿದ್ದರೆ, ಮುಂದಿನ ಮನೆಯಿಂದ ಫೋನು ಬಂದಾಗ ಹಳೆಯ ಮಾತನ್ನೇ ಮತ್ತೆ ಆಡದಿರುವ ಶಕ್ತಿ ನಮಗಿದೆಯೇ? ಮೇಷ್ಟ್ರಿಗೆ ಅದು ಇರಲಿಲ್ಲ. ಅವರು ನಮಗಿಂತ ಒಳ್ಳೆಯವರಾಗಿದ್ದರು.

ಆದುದರಿಂದ ಚಾಮಯ್ಯ ಮೇಷ್ಟ್ರ ಮನಸ್ಸಿನಲ್ಲಿ ಏನಿತ್ತೆಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೆ: ಅಲ್ಲಿ ಪ್ರೀತಿಯೇ ಇತ್ತು. ಅಲಮೇಲುವಿಗೆ ಬೇಕಾಗಿದ್ದುದು, ಅದರ ಜೊತೆಗೆ, ತನ್ನನ್ನೂ ಒಂದು ಮಾತು ಕೇಳುವವರು. ‘ನಾಗರಹಾವು’ ಮುಂದಿನ ಸಲ ನಿಮ್ಮ ಮನೆಯ ಟೆಲಿವಿಷನ್ನಿನಲ್ಲಿ ಬಂದಾಗ, ಬೆಳೆದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಬೆಟ್ಟದ ದೃಶ್ಯ ಮುಗಿದ ಮೇಲೆ, ಮೇಷ್ಟ್ರು ಮಾಡಿದ್ದು ಸರಿಯೇ ಎಂದು ಅವರನ್ನು ಕೇಳಿ. ಅವರು ಕೊಡುವ ಉತ್ತರವನ್ನು ನಡುವೆ ಬಾಯಿಹಾಕದೆ ಕೇಳಿಸಿಕೊಳ್ಳಿ. ನಮ್ಮ ಅಭಿಪ್ರಾಯವನ್ನು ಒಪ್ಪದ ಓದುಗರು, ಮೇಷ್ಟ್ರ ಪರವಾಗಿ ವಾದ ಹೂಡುವುದಾದರೆ, ನಾವು ಸಂತೋಷದಿಂದ ಓದುತ್ತೇವೆ. ಅವರ ಪರವಾಗಿ ಹೇಳುವುದು ಇನ್ನೂ ಉಳಿದಿದೆಯೆಂದೇ ನಮಗೂ ಅನಿಸುತ್ತದೆ.